ಓದಿ ಹೇಳದೆ ಬಿಟ್ಟ ಸಾಲುಗಳು

ನನ್ನ ತಾಯಿಯ ತಂದೆ ಹುಬ್ಬಳ್ಳಿಯ ಒಂದು ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುತ್ತಿದ್ದರು. ಒಂದು ಚಾಪೆ, ತೊಡೆಯ ಮೇಲಿಟ್ಟುಕೊಳ್ಳುವ ಒಂದು ಹಲಗೆ, ಸದಾ ಮಸಿ ಒಸರುತ್ತಿದ್ದ ಒಂದು ಪೆನ್ನು. ಅವರ ಆಫೀಸೆಂದರೆ ಅಷ್ಟೇ. ಶಾಲೆಗೆ ಸೂಟಿ ಇದ್ದಾಗ ಅಜ್ಜನಿಗೆ ಬುತ್ತಿ ಒಯ್ಯುವ ನೆವ ಮಾಡಿಕೊಂಡು ನಾನೂ ಆ ಚಾಪೆಯ ತುದಿಗೆ ಕೂತುಬಿಡುತ್ತಿದ್ದೆ. ಬಂದವರು ತಮ್ಮ ಕಷ್ಟವನ್ನು ಸುತ್ತಿ ಬಳಸಿ, ನಡುವೆ ಒಂದಿಷ್ಟು ಅತ್ತು, ಯಾರನ್ನೋ ಬೈದು ಹೇಳುತ್ತಿದ್ದರು. ಅಜ್ಜ ಅದನ್ನೆಲ್ಲ ಸೋಸಿ ಹತ್ತು ಸಾಲಿಗೆ ಇಳಿಸುತ್ತಿದ್ದರು. ಬರೆದು ಮುಗಿಸಿದ ಮೇಲೆ ಕಾಗದವನ್ನು ಎತ್ತಿ ಹಿಡಿದು ಮೊದಲಿನಿಂದ ಕೊನೆಯವರೆಗೆ ದೊಡ್ಡ ದನಿಯಲ್ಲಿ ಓದಿ ಹೇಳುತ್ತಿದ್ದರು. ಅದಾದ ಮೇಲೇ ಸಹಿ, ಇಲ್ಲವೆ ಹೆಬ್ಬೆಟ್ಟು.

ಓದು ಬಲ್ಲವರಿಗೂ ಇದು ತಪ್ಪುತ್ತಿರಲಿಲ್ಲ. ಒಮ್ಮೆ ಒಬ್ಬ ಸಾಲಿ ಮಾಸ್ತರರು ನಕ್ಕುಬಿಟ್ಟರು. “ಅಜ್ಜಾರ, ನನಗ ಓದಾಕ ಬರತೈತ್ರಿ.”

“ನಿಮಗ ಬರತೈತಿ ಅಂತ ನನಗೂ ಗೊತ್ತೈತ್ರಿ ಮಾಸ್ತರ. ನಾ ಬರದದ್ದು ನನ್ನ ಬಾಯಿಂದ ಒಮ್ಮೆ ಹೊರಗ ಬರಲಿ. ಬಾಯಿ ಬಿಟ್ಟು ಓದಾಕ ಆಗಲಾರದ್ದನ್ನ ಕಾಗದದ ಮ್ಯಾಲೆ ಬರದು ಕಳಿಸಿದ್ರ ಉಂಡದ್ದು ಕರಗಂಗಿಲ್ಲ ನನಗ” ಎಂದು ಅಜ್ಜ ಓದುವುದನ್ನು ಮುಂದುವರಿಸಿದರು. ಕೊನೆಯ ಸಾಲು ಯಾವಾಗಲೂ ಒಂದೇ: ‘ಓದಿ ಹೇಳಲಾಗಿ ಕೇಳಿ ಒಪ್ಪಿರುತ್ತಾರೆ.’

ನನಗೆ ಗೊತ್ತಿರುವ ಕನ್ನಡವೆಲ್ಲ ಆ ಚಾಪೆಯ ಮೇಲೆ ಬಂದದ್ದು. ಅದನ್ನು ಹೇಳಿಕೊಂಡು ನಾಲ್ಕು ಮಂದಿಯೆದುರು ಬೀಗಿದ್ದೂ ಉಂಟು. ಆದರೆ ಅದೇ ಚಾಪೆಯ ಮೇಲೆ ಕಲಿತ ಇನ್ನೊಂದು ಪಾಠವನ್ನು ನಾನು ಹೇಗೆ ಮುರಿದೆ ಎಂಬುದನ್ನು ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ. ಎಂಟು ಮಷಿನ್ನು, ಎಂಟು ಸ್ಟೂಲು, ಮುಂಜಾನೆಯಿಂದ ಸಂಜೆಯ ತನಕ ಮಳೆ ಬಂದಂತೆ ಸದ್ದು. ಮಂದಿ ನನ್ನನ್ನು ‘ಟೈಪಿಂಗ್ ಅಕ್ಕಾರು’ ಎನ್ನುತ್ತಿದ್ದರು. ಹೊಸ ಶತಮಾನ ಬರುವಷ್ಟರಲ್ಲಿ ಟೈಪಿಂಗ್ ಕಲಿಯುವವರು ಕಡಿಮೆಯಾದರು. ಮಷಿನ್ನುಗಳನ್ನು ಹಳೆ ಕಬ್ಬಿಣ ಕೊಳ್ಳುವ ಮೋಡಕಾದವನಿಗೆ ಕೊಟ್ಟು ಅದೇ ಜಾಗದಲ್ಲಿ ಪ್ಲೈವುಡ್ಡಿನ ಗೂಡು ಮಾಡಿಸಿ ಐದು ಕಂಪ್ಯೂಟರ್ ಇಟ್ಟೆ. ಹೊರಗೆ ಬೋರ್ಡು ಹಾಕಿಸಿದೆ: ಇಂಟರ್ನೆಟ್, ಝೆರಾಕ್ಸ್, ಬಯೋಡಾಟಾ ಮಾಡಿಕೊಡಲಾಗುವುದು.

ಬಯೋಡಾಟಾ ಅಂದರೆ ನಮ್ಮ ಕಡೆ ಆಗ ಒಂದೇ ಕಾಗದ. ಅದು ನೌಕರಿಗೂ ಆಗಬೇಕು, ಲಗ್ನಕ್ಕೂ ಆಗಬೇಕು. ಮೇಲೆ ನಡುವಿಗೆ ‘ಓಂ ಶ್ರೀ’, ಅದರ ಕೆಳಗೆ ಹೆಸರು, ಆಮೇಲೆ ಎತ್ತರ, ಬಣ್ಣ, ರಾಶಿ, ನಕ್ಷತ್ರ, ಸೋದರಮಾವ ಏನು ಮಾಡುತ್ತಾನೆ ಎಂಬುದು, ಕೊನೆಗೆ ಎಲ್ಲೋ ಒಂದು ಮೂಲೆಯಲ್ಲಿ ಬಿ.ಕಾಂ. ಪಾಸು ಎಂಬ ಸುದ್ದಿ. “ನೌಕರಿ ಅರ್ಜಿಗೆ ನಕ್ಷತ್ರ ಯಾಕ್ರಿ?” ಎಂದು ಕೇಳಿದರೆ, “ಇರಲಿ ಬಿಡ್ರಿ ಅಕ್ಕಾರ, ಸಾಹೇಬರ ಮನ್ಯಾಗ ಯಾರರ ಹುಡುಗಿ ಲಗ್ನಕ್ಕ ಇದ್ರ?” ಎನ್ನುವ ಊರು ನಮ್ಮದು.

ಒಂದು ದಿನ ಮಧ್ಯಾಹ್ನ ಒಬ್ಬ ಕಾಕಾ ಬಂದರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಎಣ್ಣೆ. ಧಾರವಾಡದ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಲೇಥ್ ಮಷಿನ್ನಿನ ಮೇಲೆ ಕಬ್ಬಿಣ ಕಡೆದವರು. ಆ ಕಾರ್ಖಾನೆ ಬಾಗಿಲು ಹಾಕಿತ್ತು. ಊರ ಹೊರಗೆ ಹೊಸದಾಗಿ ಬಂದಿದ್ದ ದೊಡ್ಡ ಕಂಪನಿಯ ಗೇಟಿಗೆ ಕಾಗದ ಹಿಡಿದು ಹೋಗಿದ್ದರಂತೆ. ವಾಚ್‌ಮನ್ ಕಾಗದವನ್ನು ಮುಟ್ಟಲೂ ಇಲ್ಲ.

“ಕಾಗದ ತಗೊಳ್ಳಂಗಿಲ್ಲಂತ್ರಿ ಅಕ್ಕಾರ. ಇಂಟರ್ನೆಟ್‌ನ್ಯಾಗ ಹಾಕ್ರಿ ಅಂದ. ಇಂಟರ್ನೆಟ್ ಎಲ್ಲೈತಿ ಅಂತ ಕೇಳಿದೆ. ಅದು ಎಲ್ಲಾ ಕಡೆ ಐತಿ ಅಂದ. ದೇವರ ಬಗ್ಗೆ ಕೇಳಿದಂಗಾತು. ಅದಕ್ಕ ನಿಮ್ಮ ಕಡೆ ಬಂದೆ.”

ನನಗೆ ಅವರು ಆ ಮಾತಿಗೇ ಹಿಡಿಸಿಬಿಟ್ಟರು. ಕೂರಿಸಿ ಟೈಪ್ ಮಾಡಿದೆ. ಅಜ್ಜನ ರೂಢಿಯಂತೆ ಪೂರ್ತಿ ಓದಿ ಹೇಳಿದೆ. ಅದು ನನ್ನ ಅಂಗಡಿಯಲ್ಲಿಯೂ ನಡೆದುಕೊಂಡು ಬಂದಿತ್ತು. ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಕನ್ನಡದಲ್ಲಿ ಸಾಲುಸಾಲಾಗಿ ಓದಿ ಹೇಳುತ್ತಿದ್ದೆ. ಕಾಕಾ ಕಣ್ಣು ಮುಚ್ಚಿ ಕೇಳಿದರು. ಕಂಪನಿಯ ವೆಬ್‌ಸೈಟಿಗೆ ಏರಿಸಿದೆ. ಹತ್ತು ನಿಮಿಷಕ್ಕೇ ಉತ್ತರ ಬಂತು. ನನಗೆ ಆನಂದವೋ ಆನಂದ. ತೆರೆದು ನೋಡಿದರೆ, ‘ಡಿಯರ್ ಓಂ ಶ್ರೀ, ನಿಮ್ಮ ಅರ್ಜಿ ನಮಗೆ ತಲುಪಿದೆ. ಸದ್ಯಕ್ಕೆ ನಿಮಗೆ ಹೊಂದುವ ಹುದ್ದೆ ನಮ್ಮಲ್ಲಿಲ್ಲ.’

ಕಾಗದದ ಮೊದಲ ಸಾಲನ್ನೇ ಕಂಪನಿಯ ಕಂಪ್ಯೂಟರು ಹೆಸರೆಂದು ತಿಳಿದಿತ್ತು.

ಕಾಕಾಗೆ ಓದಿ ಹೇಳಿದೆ. “ಅಂದ್ರ ದೇವರಿಗೇ ನೌಕರಿ ಇಲ್ಲ ಅಂದಾರ. ಇನ್ನ ನಂದೇನು ಕಥಿ ಬಿಡ್ರಿ” ಎಂದರು. ಪಕ್ಕದ ಗೂಡುಗಳಲ್ಲಿ ಕೂತಿದ್ದವರೂ ನಕ್ಕರು.

ನಕ್ಕೆವು, ಆದರೆ ನನಗೆ ಒಳಗೆ ಚುಚ್ಚಿತು. ಬೋರ್ಡು ಹಾಕಿಕೊಂಡು ಕೂತವಳು ನಾನು. ಅಂಗಡಿ ಖಾಲಿಯಿದ್ದ ಹೊತ್ತಿನಲ್ಲಿ ಇಂಟರ್ನೆಟ್ಟಿನಲ್ಲಿಯೇ ಹುಡುಕಿ ಓದತೊಡಗಿದೆ. ದೊಡ್ಡ ಕಂಪನಿಗಳಲ್ಲಿ ನಮ್ಮ ಕಾಗದವನ್ನು ಮೊದಲು ಮನುಷ್ಯರು ನೋಡುವುದೇ ಇಲ್ಲ, ಯಂತ್ರ ನೋಡುತ್ತದೆ ಎಂದು ಆಗ ತಿಳಿಯಿತು. ಹುದ್ದೆಯ ಜಾಹೀರಾತಿನಲ್ಲಿರುವ ಮಾತುಗಳು ನಮ್ಮ ಕಾಗದದಲ್ಲಿ ಎಷ್ಟು ಇವೆ ಎಂದು ಅದು ಎಣಿಸುತ್ತದೆ. ಹೆಚ್ಚು ಇದ್ದವರನ್ನು ಮೇಲಕ್ಕೆ ತರುತ್ತದೆ, ಇಲ್ಲದವರನ್ನು ತಳಕ್ಕೆ ಹಾಕುತ್ತದೆ. ಫೋಟೋ, ಚೌಕ, ಹೂಬಳ್ಳಿಯ ಅಂಚು ಇದ್ದರೆ ಅದಕ್ಕೆ ಗಲಿಬಿಲಿ. ಮೊದಲ ಸಾಲಿನಲ್ಲಿ ಹೆಸರೇ ಇರಬೇಕು.

ಇಷ್ಟನ್ನೇ ಮಾಡಿಕೊಂಡಿದ್ದರೆ ಯಾವ ತಪ್ಪೂ ಇರಲಿಲ್ಲ. ಓಂ ಶ್ರೀಯನ್ನು ತೆಗೆದೆ. ನಕ್ಷತ್ರ, ಸೋದರಮಾವ ಎಲ್ಲ ಹೋದವು. ಕಾಕಾ ಮಾಡಿದ್ದ ಕೆಲಸಗಳನ್ನು ಒಂದೊಂದಾಗಿ ಕೇಳಿ, ಜಾಹೀರಾತು ಯಾವ ಹೆಸರಿನಿಂದ ಕರೆಯುತ್ತದೆಯೋ ಅದೇ ಹೆಸರು ಹಾಕಿದೆ. ಅವರು ನಾಲ್ಕು ಬೆರಳು ಮಡಚಿ ಎಣಿಸಿ ಹೇಳುವರು, ನಾನು ಟೈಪ್ ಮಾಡುವೆ. ಆ ಎರಡು ದಿನ ನನ್ನ ಬದುಕಿನ ಒಳ್ಳೆಯ ದಿನಗಳು. ಕಡೆಯುವಾಗ ಸುರುಳಿ ಸುರುಳಿಯಾಗಿ ಬೀಳುವ ಕಬ್ಬಿಣದ ಬಣ್ಣ ನೋಡಿಯೇ ಅಲಗು ಮೊಂಡಾಗಿದೆಯೋ ಇಲ್ಲವೋ ಹೇಳಬಹುದಂತೆ. “ತಿಳಿ ಹಳದಿ ಇದ್ರ ಛಲೋರಿ. ನೀಲಿ ಆತೋ, ಮಷಿನ್ ಅಳಾಕತ್ತೈತಿ ಅಂತ ತಿಳ್ಕೋಬೇಕು.” ಇದನ್ನು ಇಂಗ್ಲಿಷಿನಲ್ಲಿ ಏನೆಂದು ಹಾಕಲಿ? ಜಾಹೀರಾತಿನಲ್ಲಿ ಅಂಥ ಮಾತು ಇರಲಿಲ್ಲ. ಬಿಟ್ಟುಬಿಟ್ಟೆ.

“ಶ್ರೀಕಾರ ಇಲ್ಲದ ಕಾಗದ ಹೆಂಗ ಕಳಸೋದ್ರಿ ಅಕ್ಕಾರ?” ಎಂದು ಕಾಕಾ ಪೇಚಾಡಿದರು. ಆಮೇಲೆ ಅವರೇ ಒಂದು ದಾರಿ ಹುಡುಕಿದರು. ಕಳಿಸುವ ಗುಂಡಿ ಒತ್ತುವ ಮೊದಲು ಬೆರಳಿನಿಂದ ಪರದೆಯ ಗಾಜಿನ ಮೇಲೆ ‘ಶ್ರೀ’ ಎಂದು ಬರೆದು, “ಈಗ ಹೊಡೀರಿ” ಎಂದರು. ಗಾಜಿನ ಮೇಲೆ ಬೆರಳಿನ ಜಿಡ್ಡು ಅಷ್ಟೇ ಉಳಿಯಿತು.

ಅದಕ್ಕೆ ಉತ್ತರವೇ ಬರಲಿಲ್ಲ. ಒಂದು ವಾರ, ಎರಡು ವಾರ. ಕಾಕಾ ದಿನಾ ಧಾರವಾಡದಿಂದ ಹನ್ನೆರಡರ ಬಸ್ಸಿಗೆ ಬರುವರು. ಬಾಗಿಲಲ್ಲೇ ನಿಂತು, “ಬಂತೇನ್ರಿ?” ಎನ್ನುವರು. ನಾನು ತಲೆ ಅಲ್ಲಾಡಿಸುವೆ. “ಇರಲಿ ಬಿಡ್ರಿ, ಬರತೈತಿ” ಎಂದು ನನಗೇ ಸಮಾಧಾನ ಹೇಳಿ ಹೋಗುವರು. ಈ ವಯಸ್ಸಿನಲ್ಲಿ ಇದೇ ಕೊನೆಯ ಅವಕಾಶ ಎಂದು ಅವರು ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೆ ನನಗೆ ಗೊತ್ತಿತ್ತು. ಕಾಲು ನೆಟ್ಟಗಿರುವ ತನಕ ಮಷಿನ್ ಮುಂದೆ ನಿಲ್ಲಬೇಕೆಂಬುದೊಂದೇ ಅವರ ಆಸೆ. ಮನೆಯಲ್ಲಿ ಹಗಲು ಹೊತ್ತು ಕೂತಿರುವುದಕ್ಕೆ ಅವರಿಗೆ ನಾಚಿಕೆ. ಓಣಿಯವರು ಕೇಳಿದರೆ, “ಇವತ್ತ ಸೂಟಿ ಐತಿ” ಎನ್ನುತ್ತಿದ್ದರಂತೆ. ದಿನಾ ಬಸ್ಸು ಹತ್ತಿ ನನ್ನ ಅಂಗಡಿಗೆ ಬರುತ್ತಿದ್ದುದರಲ್ಲಿ ಅದೂ ಒಂದು ಕಾರಣವಿತ್ತು.

ಅದೇ ಹೊತ್ತಿಗೆ ನಾನು ಇನ್ನೊಂದು ಉಪಾಯ ಓದಿದೆ. ಜಾಹೀರಾತಿನ ಮಾತುಗಳನ್ನೆಲ್ಲ ಎತ್ತಿ ಬಯೋಡಾಟಾದ ಕೊನೆಗೆ ಅಂಟಿಸುವುದು. ಅಕ್ಷರವನ್ನು ಸಾಸಿವೆಗಿಂತ ಸಣ್ಣದು ಮಾಡಿ ಬಣ್ಣ ಬಿಳಿಯಾಗಿಸುವುದು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ. ಮನುಷ್ಯರಿಗೆ ಕಾಣುವುದಿಲ್ಲ, ಯಂತ್ರ ಮಾತ್ರ ಓದಿಕೊಳ್ಳುತ್ತದೆ.

ಮೊದಲು ಒಬ್ಬ ಹುಡುಗಿಯ ಬಯೋಡಾಟಾಕ್ಕೆ ಮಾಡಿ ನೋಡಿದೆ. ನಾಲ್ಕು ದಿನದಲ್ಲಿ ಆಕೆಗೆ ಸಂದರ್ಶನದ ಕರೆ ಬಂತು. ಪೇಢೆಯ ಪೊಟ್ಟಣ ತಂದು ನನ್ನ ಕಾಲಿಗೆ ಬಿದ್ದಳು. “ನಿಮ್ಮ ಕೈಗುಣರಿ ಅಕ್ಕಾರ” ಎಂದಳು. ಕೈಗುಣ ಯಾವುದೆಂದು ಆಕೆಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ, ಪೇಢೆ ತಿಂದೆ. ಆಮೇಲೆ ಬಂದವರಿಗೆಲ್ಲ ಅದನ್ನೇ ಮಾಡಿದೆ. ಕರಿಯ ಅಕ್ಷರವನ್ನು ಓದಿ ಹೇಳುವುದು, ಅವರು ಒಪ್ಪಿ ತಲೆಯಾಡಿಸಿದ ಮೇಲೆ ಬಿಳಿಯದನ್ನು ಕೂಡಿಸುವುದು. ಓದಿ ಹೇಳುವ ರೂಢಿಯನ್ನು ಬಿಟ್ಟೆನೆಂದು ನನಗೆ ಅನ್ನಿಸಲೇ ಇಲ್ಲ. ಮುಂಚಿನಂತೆಯೇ ದೊಡ್ಡ ದನಿಯಲ್ಲಿ ಓದುತ್ತಿದ್ದೆನಲ್ಲ.

ಕಾಕಾನ ಕಾಗದಕ್ಕೂ ಮಾಡಿದೆ. ಅವರು ಚಹಾ ಕುಡಿಯಲು ಎದುರಿನ ಗಾಡಿಗೆ ಹೋಗಿದ್ದರು. ಒಂದೇ ಪುಟದಲ್ಲಿ ಕಂಪನಿಯ ಎಲ್ಲ ಹುದ್ದೆಗಳ ಜಾಹೀರಾತೂ ಇತ್ತು. ನನಗೆ ಬೇಕಾದದ್ದು ಲೇಥಿನ ಆರೇಳು ಸಾಲು. ಹಿಂದೆ ಇನ್ನೂ ಮೂವರು ಕಾಯುತ್ತಿದ್ದರು. ಆರಿಸಿ ತೆಗೆಯಲು ಬೇಸರಪಟ್ಟು ಇಡೀ ಪುಟವನ್ನೇ ಎತ್ತಿ ಅಂಟಿಸಿದೆ. ಕಾಣುವುದೇ ಇಲ್ಲ ಎಂದ ಮೇಲೆ ಎಷ್ಟಿದ್ದರೇನು ಎಂದು ಆ ಹೊತ್ತಿಗೆ ಅಂದುಕೊಂಡದ್ದು ಈಗಲೂ ನನ್ನ ಕಿವಿಯಲ್ಲಿದೆ. ಕಾಕಾ ಬಾಯಿ ಒರೆಸಿಕೊಂಡು ಬಂದರು, ಗಾಜಿನ ಮೇಲೆ ಶ್ರೀಕಾರ ಬರೆದರು, “ಹೊಡೀರಿ” ಎಂದರು. ಹೊಡೆದೆ.

ಐದನೆಯ ದಿನ ಕರೆ ಬಂತು. ಹನ್ನೆರಡರ ಬಸ್ಸಿಗೆ ಬಂದ ಕಾಕಾ ಎಂದಿನಂತೆ, “ಬಂತೇನ್ರಿ?” ಎಂದರು.

“ಬಂತ್ರಿ ಕಾಕಾ. ಸೋಮವಾರ ಕರದಾರ.”

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕಂಪ್ಯೂಟರಿಗೆ ಕೈ ಮುಗಿದರು. ಆಮೇಲೆ ನನಗೂ ಮುಗಿದರು. ನಾನು ಆ ನಮಸ್ಕಾರವನ್ನು ತೆಗೆದುಕೊಂಡೆ.

ಸೋಮವಾರ ಮೂರು ಗಂಟೆಗೆ ಅವರು ಅಂಗಡಿಗೆ ಬಂದಾಗ ಲಗ್ನಕ್ಕೆ ಹಾಕುವ ಬಿಳಿ ಅಂಗಿ ಮೈಮೇಲಿತ್ತು. ಗೂಡುಗಳಲ್ಲಿ ಇಬ್ಬರು ಕೂತಿದ್ದರು. ಅವರಲ್ಲಿ ಒಬ್ಬರ ಬಯೋಡಾಟಾ ನನ್ನ ಮುಂದಿನ ಪರದೆಯ ಮೇಲೇ ತೆರೆದಿತ್ತು. ಕಾಕಾ ಸ್ಟೂಲಿನ ಮೇಲೆ ಕೂತು ನೀರು ಕೇಳಿದರು. ಕುಡಿದು ಲೋಟವನ್ನು ಕೈಯಲ್ಲೇ ಹಿಡಿದುಕೊಂಡರು.

“ಮೊದಲಿಗೆ ಮಷಿನ್ ಮುಂದ ನಿಲ್ಲಿಸಿದ್ರು ಅಕ್ಕಾರ. ಒಬ್ಬ ಫೋರ್‌ಮನ್, ನನಗಿಂತ ವಯಸ್ಸಾದಂವ. ಕಡಿಯಾಕ ಒಂದು ಕಬ್ಬಿಣದ ತುಂಡು ಕೊಟ್ಟ. ಕಡದೆ. ಅಳತಿ ಹಚ್ಚಿ ನೋಡಿದ. ಮತ್ತೊಮ್ಮೆ ಹಚ್ಚಿ ನೋಡಿದ. ಕೂದಲೆಳಿಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ‘ಎಲ್ಲಿದ್ದೆಪಾ ಇಷ್ಟ ದಿನ’ ಅಂತ ಹೆಗಲ ಮ್ಯಾಲೆ ಕೈ ಇಟ್ಟ.” ಹೇಳುವಾಗ ಅವರ ಮುಖ ಒಂದು ಕ್ಷಣ ಅರಳಿತು. “ಆಮ್ಯಾಲೆ ಮ್ಯಾಲೆ ಕರದ್ರು. ಎಸಿ ಖೋಲಿ. ಮೂರು ಮಂದಿ. ನಡುವ ಕೂತಾಂವ ನನ್ನ ಬಯೋಡಾಟಾ ಹಿಡಕೊಂಡಿದ್ದ. ಭಾಳ ಹಾಳಿ ಇದ್ದುವು ಅಕ್ಕಾರ. ನೀವು ಮಾಡಿದ್ದು ಒಂದ ಹಾಳಿ.”

ಏನಾಗಿದೆಯೆಂದು ನನಗೆ ಆಗಲೇ ಹೊಳೆಯಿತು. ಆ ಕಂಪನಿಯ ಯಂತ್ರ ಕಾಗದದ ಬಣ್ಣ, ಅಂದ ಎಲ್ಲವನ್ನೂ ಕಳಚಿ ಬರಿಯ ಅಕ್ಷರವನ್ನಷ್ಟೇ ಇಟ್ಟುಕೊಳ್ಳುತ್ತಿತ್ತು. ಅಚ್ಚು ಹಾಕಿದಾಗ ಬಿಳಿಯದೂ ಕರಿಯದಾಗಿ ಬಂದಿತ್ತು.

“ಅಂವ ಕೇಳಿದ, ‘ನಿಮ್ಮ ಹೆಸರು ಎಲ್ಲಾ ಹುದ್ದೆ ಯಾದ್ಯಾಗೂ ಮೊದಲ ಬಂದೈತಿ. ಲೇಥಿನ ಟರ್ನರ್‌ಗೂ ನೀವ ಮೊದಲು, ವೆಲ್ಡರ್‌ಗೂ ನೀವ ಮೊದಲು, ಕ್ಯಾಂಟೀನ್ ನೋಡಕೊಳ್ಳಾಕೂ ನೀವ ಮೊದಲು. ನರ್ಸ್ ಕೆಲಸಕ್ಕೂ ನೀವ. ಯಾವ ಜಾಗಾ ಬೇಕು ಹೇಳ್ರಿ’ ಅಂದ. ನಾ ಏನೋ ಚ್ಯಾಷ್ಟಿ ಮಾಡಾಕತ್ತಾನ ಅಂತ ನಕ್ಕೆ. ಅಂವ ಓದಾಕ ಹತ್ತಿದ. ಬಾಣಂತೇರ್ನ ನೋಡಿಕೊಂಡ ಅನುಭವ ಐತಿ ಅಂತ. ಇನ್ನೂರು ಮಂದಿಗೆ ಅಡಗಿ ಮಾಡಿಸೇನಿ ಅಂತ. ಹೆಣ್ಮಕ್ಕಳಿಗೆ ಮೊದಲ ಮನ್ನಣೆ ಅಂತ. ಮೂರೂ ಮಂದಿ ನಕ್ಕದ್ದ ನಕ್ಕದ್ದು.”

ಗೂಡುಗಳಲ್ಲಿದ್ದ ಇಬ್ಬರೂ ನಕ್ಕರು. ಕಾಕಾ ಅವರತ್ತ ನೋಡಿ, “ನಗ್ರಿ, ನಗ್ರಿ. ಬ್ಯಾರೆಯವರದಾಗಿದ್ರ ನಾನೂ ನಗತಿದ್ದೆ” ಎಂದರು. ಬೇಸರವಿಲ್ಲದೆಯೇ ಅಂದರು.

“ಆಮ್ಯಾಲೆ ನಗೂದು ನಿಂತಿತು. ‘ಇದನ್ನ ಯಾರು ಬರದಾರ?’ ಅಂದ. ಫೋರ್‌ಮನ್ ಬಾಗಿಲದಾಗ ನಿಂತಿದ್ದ, ‘ಸಾಹೇಬ್ರ, ಕೈ ಐತ್ರಿ ಇವರಿಗೆ’ ಅಂದ. ‘ಕೈ ಇರಬಹುದು. ಖೋಟಾ ಬರದು ಒಳಗ ಬಂದವರನ್ನ ತಗೋಳಂಗಿಲ್ಲ’ ಅಂದ ಸಾಹೇಬ. ಮತ್ತ ಕೇಳಿದ, ಯಾರು ಬರದಾರ ಅಂತ.”

“ನೀವೇನಂದ್ರಿ?” ಎಂದೆ.

“ನಾನ ಬರದೇನಿ ಅಂದೆ. ಕಾಗದ ನಂದು, ಹೆಸರು ನಂದು.” ಲೋಟವನ್ನು ಕೆಳಗಿಟ್ಟರು. “ನೀವು ಗಡಬಡಿಯೊಳಗ ಬ್ಯಾರೆ ಯಾರದೋ ಕಾಗದ ಇದರಾಗ ಕೂಡಿಸಿಬಿಟ್ಟೀರಿ ಅಂತ ನನಗ ಗೊತ್ತಾತು. ನಿಮ್ಮ ಅಂಗಡಿ ಹೆಸರು ಹೇಳಿದ್ರ ನಿಮಗ ಕೆಟ್ಟ ಹೆಸರು. ನೀವು ಓದಿ ಹೇಳಿದ್ದನ್ನ ನಾ ಕಿವಿಯಾರೆ ಕೇಳೇನಿ. ಅದರಾಗ ಇದು ಇರಲಿಲ್ಲ. ಹೌದಿಲ್ರಿ ಅಕ್ಕಾರ? ಕೂಡಿಬಿಟ್ಟಿರಬೇಕು.”

ಆ ಇಬ್ಬರೂ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಪರದೆಯ ಮೇಲಿದ್ದ ಬಯೋಡಾಟಾದ ಕೆಳತುದಿ ಬೆಳ್ಳಗೆ, ಸ್ವಚ್ಛವಾಗಿ ಕಾಣುತ್ತಿತ್ತು. ಅದರಲ್ಲಿ ಏನಿದೆಯೆಂದು ನನಗೊಬ್ಬಳಿಗೇ ಗೊತ್ತು.

“ಹೌದ್ರಿ ಕಾಕಾ” ಎಂದೆ. “ಕೂಡಿಬಿಟ್ಟಿರಬೇಕು.”

“ಆಗತೈತ್ರಿ. ದಿನಾ ಎಷ್ಟು ಮಂದೀದು ಮಾಡತೀರಿ. ಮನಸಿಗೆ ಹಚ್ಕೋಬ್ಯಾಡ್ರಿ” ಎಂದು ಎದ್ದರು. ಬಾಗಿಲ ಬಳಿ ಚಪ್ಪಲಿ ಮೆಟ್ಟುವಾಗ ಒಮ್ಮೆ ತಡವರಿಸಿದರು. ಅಷ್ಟೇ. ಮರುದಿನ ಹನ್ನೆರಡರ ಬಸ್ಸು ಬಂತು, ಕಾಕಾ ಬರಲಿಲ್ಲ.

ಬಿಳಿ ಅಕ್ಷರದ ಆ ಉಪಾಯ ಮೋಸವೇ. ಆದರೆ ಅದನ್ನು ಮಾಡುವಾಗ ಅದು ಮೋಸವೆಂದು ನಾನು ಅಷ್ಟಾಗಿ ಯೋಚಿಸಿರಲಿಲ್ಲ ಎಂದು ಹೇಳಿಕೊಂಡು ತಪ್ಪಿಸಿಕೊಳ್ಳಬಹುದು. ಆ ‘ಹೌದ್ರಿ ಕಾಕಾ’ ಎಂಬುದಕ್ಕೆ ಅಂಥ ಯಾವ ನೆವವೂ ಇಲ್ಲ. ಅದನ್ನು ತಿಳಿದು ತಿಳಿದೇ ಹೇಳಿದೆ. ನನ್ನ ಹೆಸರು ಉಳಿಸಲು ತಮ್ಮ ನೌಕರಿ ಬಿಟ್ಟುಕೊಟ್ಟವರ ಮುಖ ನೋಡಿಕೊಂಡು ಹೇಳಿದೆ.

ಮೂರು ದಿನ ನಾನು ಬಯೋಡಾಟಾ ಕೆಲಸ ಮುಟ್ಟಲಿಲ್ಲ. ಬಂದವರಿಗೆ ಪ್ರಿಂಟರ್ ಕೆಟ್ಟಿದೆ ಎಂದೆ, ಅದೂ ಇನ್ನೊಂದು ಸುಳ್ಳು. ಕಂಪ್ಯೂಟರಿನಲ್ಲಿ ಉಳಿದಿದ್ದ ಕಡತಗಳನ್ನು ಒಂದೊಂದಾಗಿ ತೆರೆದು ಬಿಳಿ ಸಾಲು ಅಳಿಸುತ್ತ ಕೂತೆ. ಯಾರ ಫೋನ್ ನಂಬರ್ ಇತ್ತೋ ಅವರಿಗೆ ಹೊಸ ಕಾಗದ ಒಯ್ಯಿರೆಂದು ಹೇಳಿದೆ. “ಯಾಕ್ರಿ?” ಎಂದು ಕೇಳಿದವರಿಗೆ, “ತಪ್ಪಾಗೇತಿ” ಎಂದಷ್ಟೇ ಹೇಳಲು ಆಯಿತು. ಪೇಢೆ ತಂದಿದ್ದ ಹುಡುಗಿಗೆ ಮಾತ್ರ ಫೋನ್ ಮಾಡುವ ಧೈರ್ಯ ನನಗೆ ಬರಲೇ ಇಲ್ಲ.

ನಾಲ್ಕನೆಯ ದಿನ ಒಂದು ಬಿಳಿ ಹಾಳೆ ತೆಗೆದುಕೊಂಡು ಅಜ್ಜನ ಭಾಷೆಯಲ್ಲಿ, ಕೈಯಿಂದ, ಆ ಕಂಪನಿಗೆ ಒಂದು ಅರ್ಜಿ ಬರೆದೆ. ಅದನ್ನು ಕೈಚೀಲದಲ್ಲಿಟ್ಟು ಮುಂಜಾನೆಯ ಬಸ್ಸಿಗೆ ಲಕಮನಹಳ್ಳಿಗೆ ಹೋದೆ.

ಒಂದೇ ಸಾಲಿನಲ್ಲಿ ಆರು ಮನೆ, ಮೂರನೆಯದು ಅವರದು. ಕಾಕಾ ಪಡಸಾಲೆಯಲ್ಲಿ ಯಾರದೋ ಹೊಲಿಗೆ ಮಷಿನ್ ಬಿಚ್ಚಿಕೊಂಡು ಕೂತಿದ್ದರು. “ಅರೇ, ಅಕ್ಕಾರ ಬಂದಾರ! ಚಾ ಇಡು” ಎಂದು ಒಳಗೆ ಕೂಗಿದರು. ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇವರ ಏನು, ನಮ್ಮನಿಯವರನ್ನ ಸೂಲಗಿತ್ತಿ ಮಾಡಿದವರು?”

“ಏ, ಸುಮ್ಮನಿರ ನೀ” ಎಂದರು ಕಾಕಾ.

“ಯಾಕ ಸುಮ್ಮನಿರಲಿ? ಓಣಿ ತುಂಬ ಹೆಂಗಸರು ಕೇಳಾಕತ್ತಾರ, ನಿಮ್ಮ ಯಜಮಾನರು ಬಾಣಂತನಕ್ಕ ಬರತಾರೇನು ಅಂತ. ಬರ್ರಿ, ಕೂಡ್ರಿ. ಚಾಕ್ಕ ಸಕ್ರಿ ಎಷ್ಟು ಹಾಕಲಿ, ಅದನ್ನರ ಖರೇ ಹೇಳ್ರಿ.”

ನಾನು ಕೂರಲಿಲ್ಲ. ಕೂತರೆ ಮತ್ತೆ ಮಾತು ಬೇರೆ ದಾರಿ ಹಿಡಿಯುತ್ತದೆ ಎಂಬ ಹೆದರಿಕೆ. ಕೈಚೀಲದಿಂದ ಕಾಗದ ತೆಗೆದು, “ಕಾಕಾ, ಒಂದು ಅರ್ಜಿ ಬರದೇನಿ. ಓದಿ ಹೇಳತೇನಿ, ಕೇಳ್ರಿ” ಎಂದೆ. ಅವರು ರೂಢಿಯಂತೆ ಕಣ್ಣು ಮುಚ್ಚಿದರು.

‘ಕಂಪನಿಯ ಸಾಹೇಬರ ಸನ್ನಿಧಿಗೆ. ಈ ಕೆಳಗೆ ಸಹಿ ಮಾಡಿದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಅರ್ಜಿದಾರರ ಬಯೋಡಾಟಾದಲ್ಲಿ ಕಂಡುಬಂದ ಹೆಚ್ಚಿನ ಸಾಲುಗಳನ್ನು ಅವರು ಬರೆದಿರುವುದಿಲ್ಲ. ಬೇರೆಯವರ ಕಾಗದ ತಪ್ಪಿ ಕೂಡಿದ್ದೂ ಅಲ್ಲ. ಸದರಿ ಸಾಲುಗಳನ್ನು ನಾನೇ, ನಿಮ್ಮ ಯಂತ್ರದ ಕಣ್ಣಿಗೆ ಬೀಳಲೆಂದು, ಮನುಷ್ಯರಿಗೆ ಕಾಣದಂತೆ ಬಿಳಿ ಬಣ್ಣದಲ್ಲಿ ಕೂಡಿಸಿರುತ್ತೇನೆ. ಇದು ಅರ್ಜಿದಾರರಿಗೆ ಗೊತ್ತಿರಲಿಲ್ಲ. ಅವರಿಗೆ ಓದಿ ಹೇಳಿರುವುದಿಲ್ಲ. ಕೇಳಿದಾಗ ಸುಳ್ಳು ಹೇಳಿರುತ್ತೇನೆ.’

ಇನ್ನೂ ಎರಡು ಸಾಲಿದ್ದವು, ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬ ಬಿನ್ನಹ. ಅವನ್ನೂ ಓದಿದೆ. ಓದುವಾಗ ನನ್ನ ದನಿ ಅಜ್ಜನ ದನಿಯಂತೆ ದೊಡ್ಡದಾಗಿ ಇರಲಿಲ್ಲ.

ಒಳಗೆ ಚಹಾ ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ಯಾರೂ ಹೋಗಲಿಲ್ಲ. ಕಾಕಾ ಕಣ್ಣು ತೆರೆಯದೆ, “ಆ ನಡುವಿಂದು ಇನ್ನೊಮ್ಮೆ ಓದ್ರಿ” ಎಂದರು.

“ಯಾವುದ್ರಿ?”

“ಕೂಡಿದ್ದು ಅಲ್ಲ ಅಂತ ಓದಿದ್ರಲ್ಲ, ಅದು.”

ಓದಿದೆ. ಅವರು ಕಣ್ಣು ತೆರೆದರು. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹೊಲಿಗೆ ಮಷಿನ್ನಿನ ಒಂದು ತಿರುಪನ್ನು ಎತ್ತಿ ಬೆರಳ ತುದಿಯಲ್ಲಿ ಹೊರಳಿಸುತ್ತ, “ನನಗ ಒಂದು ಮಾತು ಕೇಳಬೇಕಿತ್ರಿ ಅಕ್ಕಾರ” ಎಂದರು. “ಹಿಂಗ ಮಾಡಲೇನು ಅಂತ. ಬ್ಯಾಡ ಅಂತಿದ್ದೆ. ಖರೇ ಹೇಳತೇನಿ, ಹೂಂ ಅಂದುಬಿಡತಿದ್ದೆನೋ ಏನೋ, ನೌಕರಿ ಅಷ್ಟು ಬೇಕಾಗಿತ್ತು. ಆದ್ರ ಆ ಎಸಿ ಖೋಲ್ಯಾಗ ಕೂತಾಗ ನನಗ ಗೊತ್ತಿರತಿತ್ತು, ನಾ ಏನು ಮಾಡೇನಿ ಅಂತ.”

ಅವರ ಹೆಂಡತಿ ಒಳಗೆ ಹೋಗಿ ಉಳಿದ ಚಹಾವನ್ನು ಒಂದು ಲೋಟಕ್ಕೆ ಹಾಕಿ ತಂದು ನನ್ನ ಮುಂದಿಟ್ಟರು. ಮತ್ತೆ ಚುಚ್ಚಲಿಲ್ಲ. ಸಕ್ಕರೆ ಸರಿಯಾಗಿಯೇ ಇತ್ತು. ಕುಡಿಯುವುದು ಕಷ್ಟವಾಯಿತು.

ನಾನು, ಕಾಕಾ ಇಬ್ಬರೂ ಕೂಡಿ ಕಂಪನಿಯ ಗೇಟಿಗೆ ಹೋದೆವು. ಅದೇ ವಾಚ್‌ಮನ್. “ಕಾಗದ ತಗೊಳ್ಳಂಗಿಲ್ರಿ, ಎಷ್ಟ ಸಲ ಹೇಳಬೇಕು” ಎಂದ. ಫೋರ್‌ಮನ್ನನ್ನು ಕರೆಯಿರಿ ಎಂದರೆ, ಹೆಸರೇನು ಎಂದು ಕೇಳಿದ. ಕಾಕಾಗೆ ಹೆಸರು ಗೊತ್ತಿರಲಿಲ್ಲ. ಹೆಗಲ ಮೇಲೆ ಕೈಯಿಟ್ಟವನ ಹೆಸರು ಕೇಳುವಷ್ಟು ಹೊತ್ತು ಅವರಿಗೆ ಸಿಕ್ಕಿರಲಿಲ್ಲ. ಬಿಸಿಲಿನಲ್ಲಿ ಅರ್ಧ ತಾಸು ನಿಂತು ತಿರುಗಿದೆವು.

ಅಂಗಡಿಗೆ ಬಂದು ಆ ಅರ್ಜಿಯನ್ನೇ ಇಂಗ್ಲಿಷಿಗೆ ಇಳಿಸಿ ಅವರ ವೆಬ್‌ಸೈಟಿಗೆ ಏರಿಸಿದೆ. ಬೇರೆ ದಾರಿಯಿರಲಿಲ್ಲ. ಕಾಕಾ ಗಾಜಿನ ಮೇಲೆ ಬೆರಳು ಇಡಲಿಲ್ಲ. ಹತ್ತು ನಿಮಿಷಕ್ಕೆ ಉತ್ತರ ಬಂತು. ನಿಮ್ಮ ಅರ್ಜಿ ತಲುಪಿದೆ, ನಿಮ್ಮ ಅರ್ಹತೆಗೆ ತಕ್ಕ ಹುದ್ದೆ ಬಂದಾಗ ತಿಳಿಸುತ್ತೇವೆ ಎಂದಿತ್ತು. ಎಂದೂ ತಿಳಿಸಲಿಲ್ಲ. ಅದನ್ನು ಮನುಷ್ಯರು ಯಾರಾದರೂ ಓದಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಕೆಲವು ತಿಂಗಳ ಮೇಲೆ ಕಾಕಾಗೆ ಲಕಮನಹಳ್ಳಿಯಲ್ಲೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತೆಂದು ಕೇಳಿದೆ. ನಾಲ್ಕು ಮಂದಿಯ ಶೆಡ್ಡು, ಹಳೆಯ ಲೇಥು. ಮಾಲೀಕ ಕಾಗದ ಕೇಳಲಿಲ್ಲವಂತೆ, ಒಂದು ತುಂಡು ಕಬ್ಬಿಣ ಕೊಟ್ಟನಂತೆ. ಕೇಳಿ ನನಗೆ ಸಂತೋಷವಾಯಿತು. ಅವರು ನಿಲ್ಲಬೇಕಾಗಿದ್ದದ್ದು ಆ ದೊಡ್ಡ ಕಂಪನಿಯಲ್ಲಿ, ಈ ಶೆಡ್ಡಿನಲ್ಲಲ್ಲ ಎಂಬುದೂ ಗೊತ್ತಿತ್ತು.

ಅದಾಗಿ ಎರಡು ವರ್ಷಕ್ಕೆ, ಡಿಗ್ರಿ ಮುಗಿಸಿದ ಮಗಳನ್ನು ಕರೆದುಕೊಂಡು ಅವರು ಅಂಗಡಿಗೆ ಬಂದರು. ಬೇರೆ ಎಷ್ಟೋ ಇಂಟರ್ನೆಟ್ ಅಂಗಡಿಗಳು ಆಗಿದ್ದವು, ಧಾರವಾಡದಲ್ಲೇ ಬೇಕಾದಷ್ಟಿದ್ದವು. ಆದರೂ ಬಂದರು. “ಆರಾಮ್ರಿ ಅಕ್ಕಾರ?” ಎಂದರು, ಮೊದಲಿನಂತೆಯೇ. ಮಗಳು ಹೇಳಿದ್ದನ್ನು ಟೈಪ್ ಮಾಡಿದೆ. ಅವತ್ತು ಅಂಗಡಿ ತುಂಬಿತ್ತು. ಎಲ್ಲ ಸಾಲನ್ನೂ ಓದಿ ಹೇಳಿದೆ. ಮಗಳು ತಲೆಯಾಡಿಸಿದಳು. ಕಾಕಾ ಕಣ್ಣು ಮುಚ್ಚಿ ಕೂತಿರಲಿಲ್ಲ. ಈ ಸಲ ಕಣ್ಣು ತೆರೆದು ಪರದೆಯನ್ನೇ ನೋಡುತ್ತಿದ್ದರು.

“ಆತೇನ್ರಿ?” ಎಂದರು.

“ಆತ್ರಿ ಕಾಕಾ.”

“ಬಿಳೇದು ಏನರ ಇದ್ರ ಅದನ್ನೂ ಓದಿಬಿಡ್ರಿ.”

ಕುಹಕದಿಂದ ಅಂದದ್ದಲ್ಲ. ಅಂಗಡಿಗೆ ಹೋದವರು ಅಳತೆ ಸರಿಯಿದೆಯೋ ನೋಡ್ರಿ ಎನ್ನುವಂತೆ ಅಂದರು. ಕಾಯುತ್ತಿದ್ದವರು ಅದು ಏನೋ ತಮಾಷೆಯೆಂದು ನಕ್ಕರು, ಮಗಳೂ ನಕ್ಕಳು. ನಾನು ಮೌಸ್ ಎಳೆದು ಇಡೀ ಪುಟವನ್ನು ಆರಿಸಿದೆ; ಹಾಗೆ ಮಾಡಿದರೆ ಅಡಗಿದ ಬಿಳಿ ಅಕ್ಷರವೂ ಎದ್ದು ಕಾಣುತ್ತದೆ. ಅಕ್ಷರವಿದ್ದಲ್ಲಿ ಮಾತ್ರ ಬಣ್ಣ ಬದಲಾಯಿತು. ಪರದೆಯನ್ನು ಅವರ ಕಡೆ ತಿರುಗಿಸಿ, ಕೆಳಗಿನ ಖಾಲಿ ಜಾಗವನ್ನು ಕೊನೆಯ ತನಕ ಮೆಲ್ಲಗೆ ಸರಿಸುತ್ತ ತೋರಿಸಿದೆ. ಕಾಕಾ ಮುಂದಕ್ಕೆ ಬಾಗಿ, ಅವಸರ ಮಾಡದೆ, ಪೂರ್ತಿ ನೋಡಿದರು. ಅವರು ನೋಡಿ ಮುಗಿಸುವ ತನಕ ನಾನು ಕೀಲಿಮಣೆಯ ಮೇಲೆ ಕಣ್ಣಿಟ್ಟುಕೊಂಡು ಕೂತಿದ್ದೆ.